ಊರ ಕಟ್ಟೆಯ ಮರ: ಯಾರ ಸ್ವತ್ತು, ಯಾರ ಹೊಣೆ?

ಶ್ರಾವಕನ ಆಚಾರವನ್ನು ಕುರಿತ ಗ್ರಂಥಗಳು ವಸ್ತುಗಳ ವಿಷಯದಲ್ಲಿ ನಮಗೆ ಎರಡು ಮುಖ್ಯ ವ್ರತಗಳನ್ನು ಬೋಧಿಸುತ್ತವೆ. ಪರರ ವಸ್ತುವನ್ನು ಕೊಡದೆ ತೆಗೆದುಕೊಳ್ಳಬಾರದೆಂಬುದು ಅಚೌರ್ಯ. ತನ್ನದೆಂಬ ವಸ್ತುವಿಗೂ ಮಿತಿಯನ್ನು ಹಾಕಿಕೊಳ್ಳಬೇಕೆಂಬುದು ಪರಿಗ್ರಹ ಪರಿಮಾಣ. ಆದರೆ ಪರರದೂ ಅಲ್ಲದ, ತನ್ನದೂ ಅಲ್ಲದ ಮೂರನೆಯ ಬಗೆಯ ವಸ್ತುಗಳು ಲೋಕದಲ್ಲಿವೆ. ಊರ ಬಾವಿ, ಗೋಮಾಳ, ಕಟ್ಟೆಯ ಮರ ಇವು ಈ ಬಗೆಯವು. ಗೃಹಸ್ಥನು ಬಾವಿಯ ನೀರಿನಂಥ ಸಾಮಾನ್ಯ ವಸ್ತುವನ್ನು ಯಾರೂ ಕೊಡದಿದ್ದರೂ ತೆಗೆದುಕೊಳ್ಳಬಹುದೆಂದು ಆಚಾರ್ಯ ಅಮೃತಚಂದ್ರರು ರಿಯಾಯಿತಿ ತೋರಿದ್ದಾರೆ. ಹಾಗೆ ತೆಗೆದುಕೊಂಡವನಿಗೆ ಆ ವಸ್ತುವಿನ ಮೇಲೆ ಯಾವ ಹೊಣೆ ಬರುತ್ತದೆ? ಎಲ್ಲರಿಗೂ ಸೇರಿದ್ದು ಕೆಡುವಾಗ ಅದರ ಪಾಪ ಯಾರ ಖಾತೆಗೆ ಜಮೆಯಾಗುತ್ತದೆ? ಈ ಪ್ರಶ್ನೆಯನ್ನು ಒಂದು ಮರದ ನೆಪದಲ್ಲಿ ವಿಚಾರಿಸುವುದು ಈ ಲೇಖನದ ಉದ್ದೇಶ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ನಮ್ಮ ರಾಜ್ಯದಲ್ಲಿ ಅತ್ಯಂತ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿದವು. ಶೇಂಗಾ, ಈರುಳ್ಳಿ, ಕುರಿ, ದನ ಇವೇ ಅಲ್ಲಿಯ ಬದುಕು. ಚಳ್ಳಕೆರೆಯು ಎಣ್ಣೆ ಗಿರಣಿಗಳಿಂದ ಹೆಸರಾದದ್ದೂ ಈ ಒಣ ನೆಲದ ಶೇಂಗಾದಿಂದಲೇ. ಕೆರೆ ಕಟ್ಟಿಸಿದ ಊರಿಗೆ ಸಮುದ್ರವೆಂಬ ಪದವನ್ನು ಸೇರಿಸಿ ಹೆಸರಿಡುವುದು ಕನ್ನಡ ನಾಡಿನ ಹಳೆಯ ರೂಢಿ. ಗೌರಸಮುದ್ರವೆಂಬ ಹೆಸರನ್ನು ಕೇಳಿದಾಗಲೆಲ್ಲ ನೀರಿಗಾಗಿ ಜನರು ಪಟ್ಟ ಆಸೆಯೇ ಆ ಹೆಸರಿನಲ್ಲಿ ನಿಂತಿದೆಯೆಂದು ನನಗೆ ತೋರುತ್ತದೆ. ಅಂಥ ಸೀಮೆಯಲ್ಲಿ ನೀರಿನ ತರುವಾಯದ ಸಂಪತ್ತೆಂದರೆ ನೆರಳು.

ನನ್ನ ತಂದೆಯವರು ಶೇಂಗಾ ವ್ಯಾಪಾರಿಗಳಾಗಿದ್ದರು. ಒಕ್ಕಣೆಯ ಕಾಲದಲ್ಲಿ ಗೌರಸಮುದ್ರದ ಸುತ್ತಣ ಹಳ್ಳಿಗಳಿಗೆ ಗಾಡಿಯಲ್ಲಿ ಹೋಗಿ ಖರೀದಿ ಮಾಡುತ್ತಿದ್ದರು. 1970ರ ಸುಮಾರಿನಲ್ಲಿ, ನನಗೆ ಹತ್ತು ವರ್ಷ ತುಂಬುವ ಹೊತ್ತಿಗೆ, ರಜೆಯ ದಿನಗಳಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ. ಅಂಥ ಒಂದು ಹಳ್ಳಿಯಲ್ಲಿ ಅರಳಿಯೂ ಬೇವೂ ಒಂದನ್ನೊಂದು ಅಪ್ಪಿ ಬೆಳೆದ ದೊಡ್ಡ ಕಟ್ಟೆಯಿತ್ತು. ಬುಡದಲ್ಲಿ ನಾಗರ ಕಲ್ಲುಗಳು, ಸುತ್ತ ಕುಳಿತು ಕುಳಿತು ನುಣುಪಾದ ಚಪ್ಪಡಿಗಳು. ನ್ಯಾಯ ಪಂಚಾಯಿತಿ, ಹೆಣ್ಣು ಗಂಡಿನ ಮಾತುಕತೆ, ಎತ್ತಿನ ವ್ಯಾಪಾರ, ಮಳೆ ಬಾರದ ವರ್ಷದ ಚಿಂತೆ ಎಲ್ಲವೂ ಅಲ್ಲಿಯೇ. ಆ ಸೀಮೆಯ ಮ್ಯಾಸನಾಯಕರೂ ಕಾಡುಗೊಲ್ಲರೂ ತಮ್ಮ ಕುಲದ ನ್ಯಾಯಪೀಠವನ್ನು ಕಟ್ಟೆಮನೆ ಎಂದು ಕರೆಯುತ್ತಾರೆ. ಕಟ್ಟೆಯೆಂದರೆ ಕಲ್ಲಿನ ಜಗಲಿ ಮಾತ್ರವಲ್ಲ, ಮಾತಿಗೆ ತೂಕ ಬರುವ ಸ್ಥಳ ಎಂಬ ಅರ್ಥವು ಆ ಪದದಲ್ಲಿಯೇ ಅಡಗಿದೆ.

ಒಂದು ದಿನ ಬೆಳಿಗ್ಗೆ ತಂದೆಯವರು ಆ ಕಟ್ಟೆಯ ಮೇಲೆ ನಾಲ್ಕಾರು ರೈತರೊಡನೆ ಧಾರಣೆಯನ್ನು ಮಾತನಾಡಿ ಮುಗಿಸಿದ್ದರು. ಸಂಜೆಗೆ ಚಳ್ಳಕೆರೆಯಿಂದ ಬಂದವನೊಬ್ಬನು ಬೆಲೆ ಇಳಿದ ಸುದ್ದಿಯನ್ನು ತಂದನು. ಖರ್ದಿ ಪುಸ್ತಕದಲ್ಲಿ ಇನ್ನೂ ಬರೆದಿರಲಿಲ್ಲ, ಮುಂಗಡವನ್ನೂ ಕೊಟ್ಟಿರಲಿಲ್ಲ. ಗುಮಾಸ್ತನು ಮೆಲ್ಲನೆ ಇದನ್ನು ನೆನಪಿಸಿದಾಗ ತಂದೆಯವರು, "ಪುಸ್ತಕದಲ್ಲಿ ಇಲ್ಲದಿದ್ದರೇನಪ್ಪ, ಕಟ್ಟೆ ಕೇಳಿಸಿಕೊಂಡಿದೆಯಲ್ಲ" ಎಂದು ಹೇಳಿ ಬೆಳಗಿನ ಬೆಲೆಯನ್ನೇ ಕೊಟ್ಟರು. ಆ ವರ್ಷ ನಮಗೆ ನಷ್ಟವಾಯಿತು. ಬಿ.ಕಾಂ. ಓದುವಾಗ ಕರಾರು ಕಾಯಿದೆಯ ಪಾಠಗಳನ್ನು ಎಷ್ಟೋ ಕೇಳಿದೆನಾದರೂ, ಆ ಸಂಜೆಯಷ್ಟು ಸ್ಪಷ್ಟವಾಗಿ ಸತ್ಯಾಣುವ್ರತವನ್ನು ನನಗೆ ಯಾರೂ ಬೋಧಿಸಲಿಲ್ಲ.

ಮರಕ್ಕೆ ಕಿವಿಯಿಲ್ಲ. ವನಸ್ಪತಿಯು ಏಕೇಂದ್ರಿಯ ಜೀವ, ಅದಕ್ಕಿರುವುದು ಸ್ಪರ್ಶವೊಂದೇ. ಕೇಳಿಸಿಕೊಂಡದ್ದು ಆ ಮರದ ಕೆಳಗೆ ಕುಳಿತಿದ್ದ ಊರು. ಬಾಗಿಲಿಲ್ಲದ ಸ್ಥಳದಲ್ಲಿ, ಹೋಗುವವರು ಬರುವವರೆಲ್ಲರ ಕಣ್ಣೆದುರಿಗೆ ಆಡಿದ ಮಾತನ್ನು ಮರುದಿನ ತಿರುಚುವುದು ಕಷ್ಟ. ಕಟ್ಟೆಯ ಬೆಲೆ ಇರುವುದು ಅದರ ಈ ಬಯಲುತನದಲ್ಲಿ.

ಆ ಕಟ್ಟೆಯನ್ನು ಸ್ವರ್ಗವೆಂದು ಬಣ್ಣಿಸಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಊರ ಹೊರಗಿನ ಕೇರಿಯಿಂದ ಬಂದ ರೈತನೊಬ್ಬನು ಪ್ರತಿ ವರ್ಷವೂ ಚಪ್ಪಡಿಯಿಂದ ಹತ್ತು ಮಾರು ದೂರದಲ್ಲಿ ಬಿಸಿಲಿನಲ್ಲಿ ನಿಂತು ತನ್ನ ಕಾಯಿಯ ಬೆಲೆಯನ್ನು ಕೇಳುತ್ತಿದ್ದನು. ತಂದೆಯವರು ಅವನ ತೂಕದಲ್ಲಿ ಒಂದು ಕಾಳನ್ನೂ ಕಡಿಮೆ ಮಾಡಲಿಲ್ಲ. ಆದರೆ ಬಂದು ಕುಳಿತುಕೊಳ್ಳೆಂದು ಒಮ್ಮೆಯೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಹೆಂಗಸರು ಕಟ್ಟೆಯೇರಿ ಕುಳಿತದ್ದನ್ನೂ ನಾನು ಕಂಡಿಲ್ಲ. ತೀರ್ಥಂಕರರ ಸಮವಸರಣದಲ್ಲಿ ದೇವ, ಮನುಷ್ಯ, ತಿರ್ಯಂಚರೆಲ್ಲರಿಗೂ ಸ್ಥಾನವಿತ್ತೆಂದು ಪೂಜೆಯಲ್ಲಿ ಹಾಡುವ ನಾವು ಊರ ಕಟ್ಟೆಯ ಮೇಲೆ ಆ ಮಾತನ್ನು ಮರೆತಿದ್ದೆವು. ಮರದ ನೆರಳು ಕಟ್ಟೆಯನ್ನು ದಾಟಿ ಎಲ್ಲ ಕಡೆಗೂ ಬೀಳುತ್ತಿತ್ತು. ಗೆರೆ ಎಳೆದವರು ಮನುಷ್ಯರು. ಹಳೆಯ ಮರವನ್ನು ಉಳಿಸುವುದೆಂದರೆ ಹಳೆಯ ಗೆರೆಗಳನ್ನು ಉಳಿಸುವುದಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮರವನ್ನು ಕುರಿತು ಜೈನರು ಬಹಳ ಹಿಂದಿನಿಂದಲೂ ಯೋಚಿಸಿದ್ದಾರೆ. ಶ್ರವಣಬೆಳಗೊಳದ ಜೈನ ಮಠದ ಗೋಡೆಯ ಮೇಲಿನ ಚಿತ್ರಗಳಲ್ಲಿ ಒಂದು ಮರವನ್ನೂ ಆರು ಮಂದಿಯನ್ನೂ ವಾಚಕರಲ್ಲಿ ಹಲವರು ನೋಡಿರಬಹುದು. ಅದು ಷಡ್‌ಲೇಶ್ಯೆಗಳ ದೃಷ್ಟಾಂತ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರದಲ್ಲಿಯೂ ಇದು ಬರುತ್ತದೆ. ಹಸಿದ ಆರು ಮಂದಿ ದಾರಿಹೋಕರು ಹಣ್ಣಿನ ಮರವೊಂದನ್ನು ಕಾಣುತ್ತಾರೆ. ಬುಡಸಹಿತ ಕಡಿಯೋಣವೆಂದು ಬಯಸಿದವನದು ಕೃಷ್ಣಲೇಶ್ಯೆ. ಕಾಂಡವನ್ನು ಕಡಿಯಬಯಸಿದವನದು ನೀಲ, ದೊಡ್ಡ ಕೊಂಬೆಗಳನ್ನು ಬಯಸಿದವನದು ಕಪೋತ, ಸಣ್ಣ ರೆಂಬೆಗಳನ್ನು ಬಯಸಿದವನದು ಪೀತ, ಹಣ್ಣನ್ನು ಮಾತ್ರ ಕೀಳಬಯಸಿದವನದು ಪದ್ಮ. ನೆಲಕ್ಕೆ ಉದುರಿದ ಹಣ್ಣೇ ಸಾಕೆಂದವನದು ಶುಕ್ಲಲೇಶ್ಯೆ. ಹಸಿವು ಆರು ಮಂದಿಗೂ ಒಂದೇ, ಮರವೂ ಒಂದೇ. ಆ ಹಸಿವಿಗೆ ಎಷ್ಟು ಕೇಡನ್ನು ಮಾಡಲು ಮನಸ್ಸು ಒಪ್ಪುತ್ತದೆಂಬುದೇ ಭೇದ.

ಕಟ್ಟೆಯ ಮರದ ಸಂಗತಿ ಇದಕ್ಕಿಂತಲೂ ಸೂಕ್ಷ್ಮವಾದದ್ದು. ಆಲ, ಅರಳಿ, ಅತ್ತಿ, ಬಸರಿ ಮೊದಲಾದ ಪಂಚ ಉದುಂಬರಗಳ ಹಣ್ಣನ್ನು ಶ್ರಾವಕರು ತ್ರಸಜೀವಗಳು ತುಂಬಿರುತ್ತವೆಂಬ ಕಾರಣದಿಂದ ತಿನ್ನುವುದಿಲ್ಲ. ಇವುಗಳಲ್ಲಿ ಆಲವೂ ಅರಳಿಯೂ ನಮ್ಮ ನಾಡಿನ ಕಟ್ಟೆಗಳಲ್ಲಿ ಎಲ್ಲೆಲ್ಲಿಯೂ ಕಾಣುವ ಮರಗಳು. ಆದಿತೀರ್ಥಂಕರರಿಗೆ ಕೇವಲಜ್ಞಾನವಾದದ್ದೂ ಆಲದ ಮರದ ಕೆಳಗೆಂದು ನಮ್ಮ ಪುರಾಣ ಹೇಳುತ್ತದೆ. ಹಣ್ಣನ್ನು ಬೇಡದ, ಸೌದೆಯನ್ನು ಬೇಡದ ಜೈನನಿಗೆ ಆ ಮರದಿಂದ ದೊರೆಯುವುದು ನೆರಳೊಂದೇ. ನೆರಳನ್ನು ಪಡೆದುದರಿಂದ ಮರಕ್ಕೆ ಒಂದು ಎಲೆಯೂ ಕಡಿಮೆಯಾಗುವುದಿಲ್ಲ. ಚಿತ್ರದ ಆರು ಮಂದಿಯ ಪಕ್ಕದಲ್ಲಿ ಏನನ್ನೂ ಕೇಳದೆ ಕುಳಿತು ಎದ್ದು ಹೋಗುವ ಏಳನೆಯವನೊಬ್ಬನನ್ನು ಬರೆಯಬಹುದಲ್ಲವೆ ಎಂದು ನಾನು ಬಹುಕಾಲ ಯೋಚಿಸಿ ಸಂತೋಷಪಟ್ಟಿದ್ದೆ. ಆ ಏಳನೆಯವನು ನಾನೇ ಎಂಬ ಹೆಮ್ಮೆಯೂ ಇತ್ತು. ಆ ಹೆಮ್ಮೆ ಹೇಗೆ ಮುರಿಯಿತೆಂಬುದನ್ನು ಈಗ ನಿವೇದಿಸಬೇಕಾಗಿದೆ.

1997ರಲ್ಲಿ ನಾನು ಪಟ್ಟಣವೊಂದರ ಬಸದಿಯ ಟ್ರಸ್ಟಿನ ಖಜಾಂಚಿಯಾಗಿದ್ದೆ. ಊರಿನ ಹೆಸರಾಗಲಿ ಸಂಸ್ಥೆಯ ಹೆಸರಾಗಲಿ ಇಲ್ಲಿ ಬೇಡ. ಬಸದಿಯ ಜಾಗಕ್ಕೆ ಸೇರಿದಂತೆ ರಸ್ತೆಯ ಬದಿಯಲ್ಲಿ ಹಳೆಯ ಹುಣಸೆಯ ಮರವೊಂದಿತ್ತು. ಅದರ ಕೆಳಗೆ ಗಾಡಿಯವರು, ಹಮಾಲರು, ಸಂತೆಗೆ ಬಂದ ಹಳ್ಳಿಯವರು, ಬಸ್ಸಿಗೆ ಕಾಯುವವರು ಕುಳಿತುಕೊಳ್ಳುತ್ತಿದ್ದರು. ಜೈನರೂ ಕುಳಿತಿರುತ್ತಿದ್ದರು, ಅಲ್ಲದವರೂ ಕುಳಿತಿರುತ್ತಿದ್ದರು. ಅಲ್ಲಿ ಚಪ್ಪಡಿಯೂ ಇರಲಿಲ್ಲ, ಗೆರೆಯೂ ಇರಲಿಲ್ಲ. ಸಮಾಜದ ಬಡ ಕುಟುಂಬಗಳ ಮದುವೆಗೆ ಒಂದು ಸಮುದಾಯ ಭವನ ಬೇಕೆಂಬ ಬೇಡಿಕೆ ಬಂದಿತು. ನಕ್ಷೆಯನ್ನು ಬರೆದ ಎಂಜಿನಿಯರು ಕಟ್ಟಡವನ್ನು ಹನ್ನೆರಡು ಅಡಿ ಹಿಂದಕ್ಕೆ ಸರಿಸಿದರೆ ಮರ ಉಳಿಯುತ್ತದೆಂದೂ, ಆಗ ರಸ್ತೆಯ ಕಡೆಗೆ ಎರಡು ಮಳಿಗೆಗಳು ಕಡಿಮೆಯಾಗುತ್ತವೆಂದೂ ತಿಳಿಸಿದರು.

ಲೆಕ್ಕ ಮಾಡಿದವನು ನಾನು. ಪ್ರತಿ ವರ್ಷದ ಹುಣಸೆ ಹಣ್ಣಿನ ಹರಾಜಿನ ಮೊತ್ತವನ್ನು ಒಂದು ಕಡೆ, ಎರಡು ಮಳಿಗೆಗಳ ಬಾಡಿಗೆಯನ್ನು ಇನ್ನೊಂದು ಕಡೆ ಬರೆದು ಸಭೆಯ ಮುಂದಿಟ್ಟೆ. ಅಂಕಿಗಳ ಮುಂದೆ ಯಾರೂ ಮಾತನಾಡಲಿಲ್ಲ. ಇಲಾಖೆಯ ಅನುಮತಿಯನ್ನು ಪಡೆದೆವು. ವೃಕ್ಷ ಸಂರಕ್ಷಣೆಗಾಗಿ 1976ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಕಾಯಿದೆಯ ದೃಷ್ಟಿಯಿಂದ ಯಾವ ಲೋಪವೂ ಉಳಿಯಲಿಲ್ಲ. ಮರವು ಇಟ್ಟಿಗೆಯ ಗೂಡಿಗೆ ಸೌದೆಯಾಗಿ ಮಾರಾಟವಾಯಿತು. ಆ ಹಣವನ್ನು ನನ್ನ ಕೈಯಿಂದಲೇ "ಇತರೆ ಆದಾಯ" ಎಂಬ ಶೀರ್ಷಿಕೆಯ ಕೆಳಗೆ ಜಮಾ ಮಾಡಿದೆ. ಸ್ಥಿರಾಸ್ತಿಯ ಪಟ್ಟಿಯಲ್ಲಿ ಕಬ್ಬಿಣದ ಕಪಾಟಿಗೂ ಜಮಖಾನೆಗೂ ಸವಕಳಿಯನ್ನು ಕಳೆದು ಬೆಲೆ ಬರೆದಿದ್ದ ನಾನು ಆ ಮರವನ್ನು ಎಂದೂ ಪಟ್ಟಿಗೆ ಸೇರಿಸಿರಲಿಲ್ಲ. ಆದ್ದರಿಂದ ಅದು ಹೋದಾಗ ಲೆಕ್ಕದಲ್ಲಿ ಏನೂ ನಷ್ಟವಾಗಲಿಲ್ಲ. ಲಾಭ ಮಾತ್ರ ಕಂಡಿತು.

ಮರದ ಕೆಳಗೆ ಹುರಿಗಡಲೆ ಮಂಡಕ್ಕಿ ಮಾರುತ್ತಿದ್ದ ಅಜ್ಜಿಯೊಬ್ಬಳು ಎದುರು ಸಾಲಿನ ಬಿಸಿಲಿಗೆ ತನ್ನ ಬುಟ್ಟಿಯನ್ನು ಒಯ್ದಳು. ಒಂದು ಸಂಜೆ ಹೊತ್ತು ಮುಳುಗುವ ಮೊದಲು ಊಟ ಮಾಡಬೇಕೆಂದು ನಾನು ಬೇಗಬೇಗನೆ ಮನೆಗೆ ನಡೆಯುತ್ತಿದ್ದಾಗ ಅವಳು ಕರೆದು ಕೇಳಿದಳು: "ಸಾವ್ಕಾರ್ರೆ, ಕತ್ಲಾದ್ಮೇಲೆ ಉಣ್ಣಲ್ಲ, ಹುಳ ಸಾಯ್ತಾವೆ ಅಂತೀರಿ. ಆ ಮರದಾಗೆ ಎಷ್ಟು ಹುಳ, ಎಷ್ಟು ಹಕ್ಕಿ ಇದ್ವೋ, ಅದ್ನೂ ಲೆಕ್ಕ ಹಾಕಿದ್ರಾ?" ಅವಳ ದನಿಯಲ್ಲಿ ಕೋಪವಿರಲಿಲ್ಲ. ನನ್ನಲ್ಲಿ ಉತ್ತರವೂ ಇರಲಿಲ್ಲ. ಅಂದು ಹೊತ್ತು ಮುಳುಗುವ ಮೊದಲೇ ಊಟವೇನೋ ಆಯಿತು.

ಆ ಪ್ರಶ್ನೆಯನ್ನು ಶಾಸ್ತ್ರದ ಬೆಳಕಿನಲ್ಲಿ ಹಲವು ವರ್ಷ ಪರಿಶೀಲಿಸಿದ್ದೇನೆ. ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ಗೃಹಸ್ಥನು ಸಂಪೂರ್ಣವಾಗಿ ಬಿಡಬೇಕಾದದ್ದು ಸಂಕಲ್ಪಿ ಹಿಂಸೆ. ಉಳಿದವನ್ನು ಆದಷ್ಟು ಮಿತಗೊಳಿಸಬೇಕು. ಕಟ್ಟಡ ಕಟ್ಟುವುದು ಆರಂಭಿ ಹಿಂಸೆಯಲ್ಲವೆ, ಅದು ಅನಿವಾರ್ಯವಲ್ಲವೆ ಎಂದು ನಾವು ಅಂದು ಸಮಾಧಾನ ಮಾಡಿಕೊಂಡೆವು. ಆದರೆ ಹನ್ನೆರಡು ಅಡಿ ಹಿಂದಕ್ಕೆ ಸರಿದಿದ್ದರೆ ತಪ್ಪುತ್ತಿದ್ದುದನ್ನು ಅನಿವಾರ್ಯವೆನ್ನಲಾದೀತೆ? ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಷ್ಪ್ರಯೋಜನವಾಗಿ ಸಸ್ಯಗಳನ್ನು ಕಡಿಯುವುದನ್ನು ಅನರ್ಥದಂಡದಲ್ಲಿ, ಪ್ರಮಾದದಿಂದ ಆಗುವ ತಪ್ಪುಗಳ ಸಾಲಿನಲ್ಲಿ ಎಣಿಸಿದ್ದಾರೆ. ನಮ್ಮ ಕೆಲಸಕ್ಕೆ ಪ್ರಯೋಜನವಿತ್ತೆಂದು ವಾದಿಸಬಹುದು. ಭವನಕ್ಕೆ ಪ್ರಯೋಜನವಿತ್ತು ನಿಜ. ಅಲ್ಲಿ ಇಂದಿಗೂ ಬಡವರ ಮದುವೆಗಳು ನಡೆಯುತ್ತವೆ, ಅದಕ್ಕಾಗಿ ನಾನು ಪಶ್ಚಾತ್ತಾಪಪಡುವುದಿಲ್ಲ. ಮರವನ್ನು ಕಡಿದದ್ದಕ್ಕೆ ಮಾತ್ರ ಎರಡು ಮಳಿಗೆಗಳ ಹೊರತು ಬೇರೆ ಪ್ರಯೋಜನವಿರಲಿಲ್ಲ. ದೊಡ್ಡ ಪುಣ್ಯದ ಕಾರ್ಯವೊಂದರ ಮರೆಯಲ್ಲಿ ಸಣ್ಣ ಲೋಭವೊಂದು ನಡೆದುಹೋಯಿತು.

ಇನ್ನೊಂದು ವಿಚಾರವಿದೆ. ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು, ಅಂದರೆ ಕೃತ, ಕಾರಿತ, ಅನುಮೋದನೆ ಈ ಮೂರರಿಂದಲೂ ಕರ್ಮಬಂಧವಾಗುತ್ತದೆ. ಕೊಡಲಿಯನ್ನು ಎತ್ತಿದವನು ಕೂಲಿಯವನು. ಅವನಿಗೆ ಅದು ಹೊಟ್ಟೆಯ ಪಾಡು. ರುಜು ಹಾಕಿದ ನನ್ನದು ಕಾರಿತ. ಸುಮ್ಮನೆ ಕುಳಿತಿದ್ದ ಸದಸ್ಯರದು ಅನುಮೋದನೆ. ಚಿತ್ರದಲ್ಲಿ ಬುಡವನ್ನು ಕಡಿಯುವವನ ಕೈಯಲ್ಲಿ ಕೊಡಲಿ ಕಾಣುತ್ತದೆ, ಆದ್ದರಿಂದ ಅವನನ್ನು ಗುರುತಿಸುವುದು ಸುಲಭ. ನಮ್ಮ ಕಾಲದಲ್ಲಿ ಊರ ಮರಗಳು ಬೀಳುವುದು ಹಾಗಲ್ಲ. ಠರಾವು, ಅಂದಾಜುಪಟ್ಟಿ, ಅನುಮತಿಪತ್ರಗಳ ಮೂಲಕ, ಒಳ್ಳೆಯ ಉದ್ದೇಶವುಳ್ಳ ಒಳ್ಳೆಯ ಜನರಿಂದ, ಯಾರೊಬ್ಬರ ಕೈಯೂ ಕಾಣದಂತೆ ಅವು ಬೀಳುತ್ತವೆ. ನೆರಳನ್ನು ಮಾತ್ರ ಪಡೆದು ಎದ್ದುಹೋಗುವ ಏಳನೆಯವನು ನಿರ್ದೋಷಿಯೆಂದು ನಾನು ತಿಳಿದಿದ್ದೆ. ಆದರೆ ಎದ್ದುಹೋದ ಮೇಲೆ ಆ ಮರದ ಪರವಾಗಿ ಮಾತನಾಡದವನು ಅವನೇ ತಾನೆ?

ಮತ್ತೆ ಗೌರಸಮುದ್ರದ ಕಡೆಗೆ ನೋಡೋಣ. ಅಲ್ಲಿಯ ಮಾರಮ್ಮನ ಜಾತ್ರೆಗೆ ಕರ್ನಾಟಕದಿಂದಲೂ ಆಂಧ್ರದಿಂದಲೂ ಅಪಾರ ಜನ ಬರುತ್ತಾರೆ. ಊರ ಹೊರಗಣ ತುಮ್ಮಲು ಎಂಬ ಬಯಲಿಗೆ ದೇವಿಯನ್ನು ಕರೆತರುತ್ತಾರೆ. ಭಕ್ತರು ಈರುಳ್ಳಿಯನ್ನೂ ಕೋಳಿಗಳನ್ನೂ ತೂರಿ ಹರಕೆಯನ್ನು ತೀರಿಸುತ್ತಾರೆ. ಜೀವಿಯನ್ನು ಹರಕೆಗೆ ಒಪ್ಪಿಸುವುದು ನಮ್ಮ ಧರ್ಮಕ್ಕೆ ಸಮ್ಮತವಲ್ಲ, ಅದನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಅದೇ ಜನ ಬೇವನ್ನು ಮಾರಮ್ಮನ ಮರವೆಂದು ಭಾವಿಸಿ ಅದರ ಮೇಲೆ ಕೊಡಲಿಯೆತ್ತಲು ಹಿಂಜರಿಯುತ್ತಾರೆ. ಅವರಿಗೆ ಏಕೇಂದ್ರಿಯ ಜೀವದ ಸಿದ್ಧಾಂತ ತಿಳಿಯದು; ಮರಕ್ಕೆ ಒಬ್ಬ ತಾಯಿಯಿದ್ದಾಳೆಂಬುದಷ್ಟೇ ತಿಳಿದಿದೆ. ನಮಗೆ ಸಿದ್ಧಾಂತ ತಿಳಿದಿತ್ತು. ಮರ ಮಾತ್ರ ಅನಾಥವಾಗಿತ್ತು. ಅಹಿಂಸೆಯ ವಿಷಯದಲ್ಲಿ ಇತರರಿಗೆ ಉಪದೇಶಿಸುವ ಮುನ್ನ ಈ ಅಂತರವನ್ನು ನಾವು ನೆನೆಯಬೇಕು.

ಆ ಸೀಮೆಯಲ್ಲಿಯೇ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ಬಿ. ಎಲ್. ರೈಸ್ ಅವರು 1892ರಲ್ಲಿ ಇವನ್ನು ಬೆಳಕಿಗೆ ತಂದರು. ತಂದೆ ತಾಯಿಗಳ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ ಇವು ಅಲ್ಲಿಯ ಬೋಧನೆ. ಇಂದು ದೆಹಲಿಯಲ್ಲಿರುವ ತೋಪ್ರಾ ಸ್ತಂಭದ ಮೇಲೆ ಅದೇ ಅರಸನು ತಾನು ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿದ್ದನ್ನು ಬರೆಯಿಸಿದ್ದಾನೆ. ಅವು ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂಬುದು ಅವನ ಆಶಯ. ಚಕ್ರವರ್ತಿಯೊಬ್ಬನು ನೆರಳನ್ನು ರಾಜ್ಯದ ಲೆಕ್ಕಕ್ಕೆ ಸೇರಿಸಿದನೆಂಬುದು ಸಣ್ಣ ಸಂಗತಿಯಲ್ಲ.

ಅರಸರಲ್ಲದವರೂ ಹಾಗೆ ಮಾಡಿದ್ದಾರೆ. 2025ರ ನವೆಂಬರ್‌ನಲ್ಲಿ ದಿವಂಗತರಾದ ಸಾಲುಮರದ ತಿಮ್ಮಕ್ಕನವರು ಹುಲಿಕಲ್ಲಿನಿಂದ ಕುದೂರಿನವರೆಗೆ ಪತಿಯೊಡನೆ ನೆಟ್ಟು ನೀರು ಹೊತ್ತು ಬೆಳೆಸಿದ ಆಲದ ಮರಗಳು 385 ಎಂದು ಲೆಕ್ಕವಿದೆ. ರಸ್ತೆ ಅವರದಲ್ಲ, ನೆಲ ಅವರದಲ್ಲ. 2019ರಲ್ಲಿ ಬಾಗೇಪಲ್ಲಿ ಹಲಗೂರು ರಸ್ತೆಯ ಅಗಲೀಕರಣದಿಂದ ಆ ಮರಗಳಿಗೆ ಆಪತ್ತು ಒದಗಿದಾಗ ಆ ವೃದ್ಧೆ ಮುಖ್ಯಮಂತ್ರಿಗಳಲ್ಲಿ ಮೊರೆಯಿಟ್ಟರು. ಮರಗಳನ್ನು ಉಳಿಸುವ ಬೇರೆ ದಾರಿಯನ್ನು ಹುಡುಕಲು ಸರ್ಕಾರ ಒಪ್ಪಿತು. ಸ್ವಾಮ್ಯವಿಲ್ಲದ ಕಡೆ ಹೊಣೆಯನ್ನು ಹೊರುವುದು ಹೇಗೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಪರಿಗ್ರಹವಿಲ್ಲದೆ ಪಾಲನೆ ಸಾಧ್ಯವೆಂಬುದನ್ನು ಅವರು ಬಾಳಿ ತೋರಿಸಿದರು.

ಆದ್ದರಿಂದ ಆರಂಭದ ಪ್ರಶ್ನೆಗೆ ನನಗೆ ತೋಚಿದ ಉತ್ತರವಿದು. ಎಲ್ಲರಿಗೂ ಸೇರಿದ ವಸ್ತು ಯಾರ ಪರಿಗ್ರಹವೂ ಅಲ್ಲ. ಆದರೆ ಅದರಿಂದ ಉಪಕಾರ ಪಡೆದ ಪ್ರತಿಯೊಬ್ಬನೂ ಅದರ ಧರ್ಮದರ್ಶಿ. ಜೀವಗಳು ಪರಸ್ಪರ ಉಪಕಾರದಿಂದ ಬದುಕುತ್ತವೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಮರ ತನ್ನ ಪಾಲನ್ನು ಪ್ರತಿದಿನವೂ ಸಲ್ಲಿಸುತ್ತದೆ. ನಮ್ಮ ಪಾಲು ಬಾಕಿ ಇದೆ.

ಬಸದಿಗಳ ಟ್ರಸ್ಟಿನವರಲ್ಲಿ ಅನುಭವದಿಂದ ಮೂರು ವಿನಂತಿಗಳನ್ನು ಮಾಡುತ್ತೇನೆ. ಮೊದಲನೆಯದಾಗಿ, ಆವರಣದ ಪ್ರತಿಯೊಂದು ಹಿರಿಯ ಮರವನ್ನೂ ಸ್ಥಿರಾಸ್ತಿಯ ಪಟ್ಟಿಯಲ್ಲಿ ದಾಖಲಿಸಿರಿ. ಬೆಲೆಯ ಕಲಮನ್ನು ಖಾಲಿ ಬಿಡಿರಿ. ಹೆಸರು ಇದ್ದರೆ ಸಾಕು, ಅದು ಹೋಗುವಾಗ ಯಾರಾದರೂ ಕಾರಣವನ್ನು ಬರೆಯಲೇಬೇಕಾಗುತ್ತದೆ. ಎರಡನೆಯದಾಗಿ, ಮರವನ್ನು ಕಡಿಯುವ ಠರಾವನ್ನು ಮುಚ್ಚಿದ ಕೋಣೆಯಲ್ಲಿ ಅಂಗೀಕರಿಸಬೇಡಿರಿ. ಸಭೆಯನ್ನು ಆ ಮರದ ಕೆಳಗೇ ಕರೆಯಿರಿ, ಅಲ್ಲಿ ಕುಳಿತುಕೊಳ್ಳುವವರು ಯಾವ ಜಾತಿಯವರಾಗಿರಲಿ, ಅವರನ್ನೂ ಕರೆಯಿರಿ, ಗಟ್ಟಿಯಾಗಿ ಓದಿರಿ. 1997ರಲ್ಲಿ ನನ್ನ ಲೆಕ್ಕವನ್ನು ಆ ಹುಣಸೆಯ ಕೆಳಗೆ, ಆ ಅಜ್ಜಿಯ ಎದುರಿಗೆ ಓದಬೇಕಾಗಿ ಬಂದಿದ್ದರೆ ನನ್ನ ನಾಲಗೆ ಎರಡನೆಯ ಸಾಲಿಗೇ ತಡವರಿಸುತ್ತಿತ್ತು. ಮೂರನೆಯದಾಗಿ, ಹೊಸ ಸಸಿಯನ್ನು ನೆಟ್ಟರೆ ಹಳೆಯ ಮರದ ಬಾಕಿ ತೀರಿತೆಂದು ತಿಳಿಯಬೇಡಿರಿ. ಆದರೂ ನೆಡಿರಿ, ಮೂರು ಬೇಸಗೆ ನೀರೆರೆಯಿರಿ.

ನಾನು ಟ್ರಸ್ಟಿನಿಂದ ನಿವೃತ್ತನಾಗುವ ಮುನ್ನ ಭವನದ ಹಿಂಬದಿಯ ಖಾಲಿ ಜಾಗದಲ್ಲಿ ಒಂದು ಬೇವಿನ ಸಸಿಯನ್ನು ನೆಟ್ಟೆ. ಅದೀಗ ಒಂದಿಷ್ಟು ನೆರಳು ಕೊಡುತ್ತದೆ. ಆದರೆ ಆವರಣಕ್ಕೆ ಗೋಡೆಯಿದೆ, ಗೇಟಿಗೆ ಬೀಗವಿದೆ. ಸಂತೆಗೆ ಬಂದವರು ಒಳಗೆ ಬರುವಂತಿಲ್ಲ. ಹಗಲಿನಲ್ಲಿ ಆ ಗೇಟನ್ನು ತೆರೆದಿಡಬೇಕೆಂದು ಈಗಿನ ಸಮಿತಿಗೆ ಎರಡು ಬಾರಿ ಬರೆದಿದ್ದೇನೆ, ಮತ್ತೂ ಬರೆಯುತ್ತೇನೆ. ಆ ಅಜ್ಜಿ ಈಗಿಲ್ಲ. ಅವಳ ಪ್ರಶ್ನೆಗೆ ಕೊಡಬೇಕಾದ ಉತ್ತರವನ್ನು ಈ ಪುಟಗಳಲ್ಲಿ ಆಲೋಚನೆಯ ರೂಪದಲ್ಲಿ, ಅಂದರೆ ದೋಷನಿವೇದನೆಯಾಗಿ, ಸಮಾಜದ ಮುಂದಿಟ್ಟಿದ್ದೇನೆ.